ನಾಲ್ಕು ನಿಮಿಷ ಹನ್ನೊಂದು ಸೆಕೆಂಡು

ಫೋನಿನ ಗಾಜು ಬಿರುಕು ಬಿಟ್ಟದ್ದು ಹೋದ ಚಳಿಗಾಲ.
ಈ ಮೂಲೆಯ ಆನೆಯಿಂದ ನಡುಮನೆ ಹಾಯ್ದು
ಆ ಮೂಲೆಯ ಆನೆವರೆಗೆ ಓರೆಗೆರೆ.
ಒಂಟೆ ಓಡಾಡಲಿ ಅಂತ ಹಾಕಿದ ರಸ್ತೆ,
ಎಂದು ನಗುತ್ತಾಳೆ ಮಗಳು. ಬದಲಿಸಿಲ್ಲ ನಾನು.
ಗ್ಯುಮ್ರಿಯಲ್ಲಿ ಲಿಫ್ಟು ರಿಪೇರಿಯವನ ಸಂಬಳದಲ್ಲಿ
ಮೊದಲು ಒಲೆಯ ಗ್ಯಾಸು, ಆಮೇಲೆ ಗಾಜು.

ರಾತ್ರಿ ಹನ್ನೊಂದೂವರೆ. ಹೊರಗೆ ಸೊನ್ನೆಗೂ ಹದಿನೆಂಟು ಕೆಳಗೆ.
ಎದುರು ಬಂದವನಿಗೆ ಹೆಸರಿಲ್ಲ. ಒಂದು ಬಾವುಟ, ಚಿಲಿ ದೇಶದ್ದು,
ಒಂದು ಅಂಕಿ: ಎರಡು ಸಾವಿರದ ಮುನ್ನೂರ ಎಂಟು.
ನನ್ನದು ಸಾವಿರದ ಐನೂರ ನಲವತ್ತು.
ಈ ಜೋಡಿ ಹೇಗೆ ಕೂಡಿತೋ,
ಯಂತ್ರಕ್ಕೂ ತೂಕಡಿಕೆ ಬಂದಿರಬೇಕು.
ಅಲ್ಲೀಗ ಹಗಲು, ಬೇಸಿಗೆ. ಬರಿಮೈಲಿ ಕೂತಿದ್ದಾನು.
ನಾನು ಎರಡು ಜೊತೆ ಕಾಲುಚೀಲದಲ್ಲಿ.

ತಲಾ ಹದಿನೈದು ನಿಮಿಷ.
ನೋಡಿಯೂ ನೋಡದವನಂತೆ ಆಡಿದ ಅವನು,
ಚಿಲ್ಲರೆ ಎಣಿಸಿ ಕೊಡುವ ಬಸ್ಸಿನವನಂತೆ.
ನಾನೋ ಒಂದೊಂದು ಕಾಲಾಳಿಗೂ ಪಂಚಾಯ್ತಿ ಕೂರಿಸಿದೆ.
ಶಾಲೆಯಲ್ಲಿ ಆಟ ಕಲಿಸಿದ ಅಷ್ಖೆನ್ ಟೀಚರು ಅನ್ನುತ್ತಿದ್ದರು,
ಏನೂ ತೋಚದಾಗ ಕುದುರೆಯನ್ನು ಕೇಳು.
ಹದಿನೇಳನೆಯ ನಡೆಗೆ ಕೇಳಿದೆ.
ಅದು ಹೋಗಬಾರದ ಮನೆಗೆ ಹೋಗಿ ಕೂತಿತು,
ಕರೆಯದ ನೆಂಟನ ಹಾಗೆ, ಚಪ್ಪಲಿಯೂ ಬಿಡದೆ.
ಹುಚ್ಚೋ ಜಾಣತನವೋ ನನಗೇ ತಿಳಿಯಲಿಲ್ಲ.

ಅವನು ನಿಂತ.

ಅವನ ಗಡಿಯಾರವೊಂದೇ ಇಳಿಯುತ್ತಿತ್ತು.
ಹತ್ತು ಸೆಕೆಂಡು. ಬಾಗಿಲು ಬಡಿದಿರಬಹುದು ಯಾರೋ.
ನಲವತ್ತು. ಇಲ್ಲ, ಕೂತಿದ್ದಾನೆ.
ಒಂದು ನಿಮಿಷ ದಾಟಿತು, ನಾನು ಉಸಿರು ಸಣ್ಣದು ಮಾಡಿಕೊಂಡೆ,
ನನ್ನ ಉಸಿರಿಗೆ ಅಲ್ಲಿ ಅವನು ಎಚ್ಚೆತ್ತುಬಿಟ್ಟಾನೆಂಬಂತೆ.

ಆಗ ಹಲಗೆಯನ್ನೆಲ್ಲ ಮುಚ್ಚಿ ಒಂದು ಕರೆ.
ಪಕ್ಕದ ಕಟ್ಟಡದ ವರ್ದಿತೆರ್ ಅಜ್ಜಿ.
'ರಜ್ಮಿಕ್, ಐದಕ್ಕೂ ಆರಕ್ಕೂ ನಡುವೆ ನಿಂತಿದ್ದೇನೆ.
ತಂಗಿ ಕೊಟ್ಟ ಕೋಸಿನ ಉಪ್ಪಿನಕಾಯಿ ಭರಣಿ ಕೈಲಿದೆ.
ಭೂಕಂಪ ಕಂಡವಳಿಗೆ ಇದೇನು ಮಹಾ.
ಆದರೆ ಒಂದಕ್ಕೆ ಅವಸರವಾಗಿದೆ, ಮಗಾ.'

ಹಿಮದಲ್ಲಿ ಓಡಿದೆ, ಕೈಯಲ್ಲಿ ಹಲಗೆ ಬೆಳಗುತ್ತಿತ್ತು.
ಒಂಬತ್ತು ಮಹಡಿ, ಮೆಟ್ಟಿಲು ಮೆಟ್ಟಿಲಿಗೂ ಅವನು ಯೋಚಿಸುತ್ತಿದ್ದ.
ಮೂರನೆಯ ಮಹಡಿ, ಇನ್ನೂ.
ಐದು ದಾಟುವಾಗ ಗೋಡೆಯೊಳಗಿಂದ ಅಜ್ಜಿ ಕೆಮ್ಮಿದಳು. ಇನ್ನೂ.
ಏಳರಲ್ಲಿ ಟಿಕ್ ಎಂದಿತು.
ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಅವನ ಒಂಟೆ, ಬಿರುಕಿನ ಗುಂಟವೇ,
ಒಂದು ಮನೆ ಹಿಂದೆ ಸರಿದಿತ್ತು.

ಹಿಂದೆ.

ಮೇಲಿನ ಯಂತ್ರದ ಕೋಣೆ. ಬ್ರೇಕಿಗೆ ಒಂದು ಕೈ, ಚಕ್ರಕ್ಕೆ ಒಂದು ಕೈ.
ಆಡಲು ಮೂರನೆಯದು ದೇವರು ಕೊಡಲಿಲ್ಲ.
ಮೋಟಾರಿನ ಬೆನ್ನ ಮೇಲೆ ಫೋನಿಟ್ಟು ಚಕ್ರ ತಿರುವಿದೆ.
ಒಂದು ಸುತ್ತಿಗೆ ಗೇಣುದ್ದ ಇಳಿಯುತ್ತಾಳೆ ಅಜ್ಜಿ,
ಜೊತೆಗೆ ಇಳಿಯುತ್ತದೆ ನನ್ನ ಏಳು ನಿಮಿಷ.
ಐದಕ್ಕೆ ತಂದು, ಕೆಳಗೋಡಿ, ಬಾಗಿಲು ತೆರೆದಾಗ
ಉಳಿದದ್ದು ಮುಕ್ಕಾಲು ನಿಮಿಷ. ಆಡಬಹುದಿತ್ತು.
ಅವಳು ಭರಣಿಯನ್ನು ನನ್ನೆರಡೂ ಕೈಗೆ ಕೊಟ್ಟು ಓಡಿದಳು,
ಎಪ್ಪತ್ತೊಂಬತ್ತರ ಕಾಲು ಅಷ್ಟು ಓಡಿದ್ದು ನಾನು ಕಂಡಿಲ್ಲ.

ಸಮಯ ಮುಗಿಯಿತು, ನೀವು ಸೋತಿರಿ, ಎಂದಿತು ಗಾಜು.
ಅದರ ಕೆಳಗೆ ಅವನು ಒಂದೇ ಒಂದು ಕಳಿಸಿದ್ದ:
ಪ್ರಶ್ನೆಚಿಹ್ನೆ.
ಆಟ ಬರೆದಿಡುವವರು ತಪ್ಪು ನಡೆಗೆ ಹಾಕುವ ಗುರುತೂ ಅದೇ.
ಎಲ್ಲಿ ಹೋದೆ ಎಂದನೋ,
ಹೋದದ್ದೇ ತಪ್ಪು ಎಂದನೋ.
ಅವನ ಭಾಷೆ ನನಗೆ ಬಾರದು. ಕೋಸು ಎಂದು ಬರೆದು ಅಳಿಸಿದೆ.

ಈಗ ಅಡುಗೆಮನೆಯಲ್ಲಿ ಕೂತು ಕೈಯಿಂದಲೇ ತಿನ್ನುತ್ತಿದ್ದೇನೆ.
ಉಪ್ಪು ಒಂದಿಷ್ಟು ಹೆಚ್ಚಾಗಿದೆ.
ಆ ಕುದುರೆ ಹುಚ್ಚೋ ಜಾಣತನವೋ
ಯಂತ್ರ ಅರೆಕ್ಷಣದಲ್ಲಿ ಹೇಳಿಬಿಡುತ್ತದೆ, ಒತ್ತಿದರೆ ಸಾಕು.
'ಪರಿಶೀಲಿಸು' ಎಂಬ ಹಸಿರು ಗುಂಡಿ ಕಾಯುತ್ತಿದೆ.
ಕಾಯಲಿ.