ಕಚ್ಚಾ ಹೊಲಿಗೆ

ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತಾರೆ.
ತೌನೊ ಹಾಸಿಗೆಬಟ್ಟೆಯನ್ನೇ ಕತ್ತರಿಸಿ
ಎರಡು ಕಾಲು ಮಾಡಿದ್ದಾನೆ:
ನೀಲಿ ಗೆರೆಯ ಹಳೇ ಹತ್ತಿ,
ಅಂಚು ಗಟ್ಟಿ, ನಡುವೆ ಸವೆದು ತೆಳ್ಳಗೆ.

ತಾಂಪೆರೆಯ ಜನವರಿ.
ಮಧ್ಯಾಹ್ನ ಮೂರೂವರೆಗೇ ಬೀದಿದೀಪ.
ಅಂಗಳದಲ್ಲಿ ಹಿಮ ತಳ್ಳುವ ಗಾಡಿ
ಹಿಂದೆ ಬರುವಾಗಲೆಲ್ಲ ಕೀ ಕೀ ಅನ್ನುತ್ತದೆ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.
ಅಂಗಡಿಯ ಯಾವ ಪ್ಯಾಂಟೂ ಅವನದಲ್ಲ:
ಹೊಟ್ಟೆಗೆ ಹಿಡಿಸಿದ್ದು ತೊಡೆಯಲ್ಲಿ ಜೋಲುತ್ತದೆ,
ತೊಡೆಗೆ ಒಪ್ಪಿದ್ದು ಕೂತಾಗ ಜಾರಿ
ಬೆನ್ನಿಗೆ ಗಾಳಿ ತೋರಿಸುತ್ತದೆ.
ಸರಿ, ನಾನೇ ಹೊಲೀತೀನಿ ಅಂದ,
ಯಾರೂ ಕೇಳದಿದ್ದರೂ.
ಬುಧವಾರ ಸಂಜೆಯ ಹೊಲಿಗೆ ತರಗತಿ,
ಹನ್ನೊಂದು ಹೆಂಗಸರು, ಇವನೊಬ್ಬ.
ಟೀಚರು ಮೂರು ಸಲ ಹೇಳಿದ್ದು ಒಂದೇ ಮಾತು:
ತಪ್ಪೆಲ್ಲ ಹಳೇ ಬಟ್ಟೆಯಲ್ಲಿ ಮಾಡಿ ಮುಗಿಸಿ.

ಹೊಸದು ಕಪಾಟಿನಲ್ಲಿದೆ,
ಬೂದುಬಣ್ಣದ ಉಣ್ಣೆ, ಎರಡು ಮೀಟರು ಇಪ್ಪತ್ತು,
ಕಾಗದ ಕೂಡ ಬಿಚ್ಚಿಲ್ಲ.
ಅದರ ಬಾಗಿಲು ತೆರೆಯಲೂ ಭಯ.

ಅಳೆದೂ ಸುರಿದೂ ಕತ್ತರಿಸಿದ.
ಎಳೆದರೆ ಬಿಚ್ಚುವಂಥ ಉದ್ದ ಟಾಕು ಹಾಕಿದ.
ಎಡದ ಒಳಗಾಲಿಗೆ ಬಲದ ಒಳಗಾಲು ಸೇರಿಸಿ
ಪ್ಯಾಂಟಿನ ಬದಲು ಲಂಗ ಬಂತು. ಬಿಚ್ಚಿದ.
ಮತ್ತೆ ಹೊಲಿದ.

ಈಗ ತೊಟ್ಟು ಕನ್ನಡಿಯ ಎದುರು.
ಮುಂದೆ ಪರವಾಗಿಲ್ಲ. ಜಿಪ್ಪಿನ ಜಾಗದಲ್ಲಿ ಗುಂಡುಸೂಜಿ,
ಉಸಿರು ಬಿಗಿಹಿಡಿದರಾಯಿತು.
ಹಿಂದೆ?
ನೋಡಲು ತಿರುಗಿದರೆ ಸುಕ್ಕೂ ತಿರುಗುತ್ತದೆ,
ಇದ್ದದ್ದು ಹೋಗಿ ಇಲ್ಲದ್ದು ಬರುತ್ತದೆ.
ಬಸ್ಸಿಗಾದರೆ ಮೂರು ಕನ್ನಡಿ ಇದ್ದವು.
ನಲವತ್ತು ಜನರ ಬೆನ್ನ ಹಿಂದಿನದೆಲ್ಲ ಕಂಡವನಿಗೆ
ತನ್ನ ಕುಂಡಿ ಕಾಣದು.

ಕೆಳಮನೆಯ ಹೆಲ್ಕಾ
ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದುಡಿದು ನಿವೃತ್ತಳಾದವಳು.
ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ;
ಶುಕ್ರವಾರ ಆರು ಗಂಟೆಯ ಸೌನಾ ಸರದಿ
ಯಾರದು ಎಂಬ ಜಗಳ.
ಮೆಟ್ಟಿಲ ಬುಡದಲ್ಲಿ ಎದುರಾದರೆ
ಗೋಡೆಯ ಫಲಕದಲ್ಲಿ ತಂತಮ್ಮ ಹೆಸರು
ಓದಿಕೊಳ್ಳುತ್ತ ನಿಲ್ಲುತ್ತಾರೆ.

ಹಾಗೇ ಇಳಿದ, ಹಾಸಿಗೆಬಟ್ಟೆಯಲ್ಲೇ,
ಒಂದು ಕೈಯಲ್ಲಿ ಸೊಂಟ ಹಿಡಿದು.
ಬಾಗಿಲು ತೆರೆದವಳು ಮುಖ ನೋಡಲಿಲ್ಲ,
ಮೊಣಕಾಲು ನೋಡಿದಳು.
"ತಿರುಗು."

ತಿರುಗಿದ.
ಕೋಟು ಗೂಟ, ಒದ್ದೆ ಬೂಟು, ಕಳೆದ ವರ್ಷದ ಕ್ಯಾಲೆಂಡರು.
ಹಿಂದಿನಿಂದ, ಕಚ್ಚಿದ ಗುಂಡುಸೂಜಿಗಳ ನಡುವಿನಿಂದ ದನಿ:
"ಎಲ್ಲಿ ಬಟ್ಟೆ ಸಾಲದೋ
ಸುಕ್ಕು ಅಲ್ಲಿಗೇ ಬೆರಳು ತೋರಿಸುತ್ತದೆ.
ಬಲಗಡೆ ದಪ್ಪ ನಿಂದು."
ಬ್ರೇಕು ತುಳಿದ ಕಾಲು, ಅಂದ.
"ಎಡಗಡೆ ಏನೂ ಇಲ್ಲ."
ಅದಕ್ಕವನಲ್ಲಿ ಉತ್ತರವಿರಲಿಲ್ಲ.

"ಕೂರು."
ಕೂತ.
ಪರ್ ಅಂತ ಹಿಂದೆ ಹರಿಯಿತು,
ಹೊಲಿಗೆಯಲ್ಲ, ಬಟ್ಟೆಯೇ;
ಎಷ್ಟೋ ಚಳಿಗಾಲ ಅವನೇ ಮಲಗಿ ಸವೆಸಿದ ಜಾಗ.
ಬಾಯಲ್ಲಿ ಸೂಜಿಯಿದ್ದವರು ನಗಬಾರದು.
ಹೆಲ್ಕಾಳ ಭುಜ ಮಾತ್ರ ಕುಣಿಯಿತು.
"ಏಳು," ಅಂದಳು, ಸೂಜಿಗಳನ್ನೆಲ್ಲ ಉಗಿದು.

ಅವಳ ಏಪ್ರನ್ನನ್ನು ಹಿಂದುಮುಂದಾಗಿ ಕಟ್ಟಿಕೊಂಡು
ಮೇಲೆ ಬಂದ. ಟಾಕು ಎಳೆದ.
ಕಾಲು ಮತ್ತೆ ಬಟ್ಟೆಯಾಯಿತು,
ಮೇಜಿನ ಮೇಲೆ ಚಪ್ಪಟೆ ಮಲಗಿತು,
ತುಂಬ ಅವಳ ಸೀಮೆಸುಣ್ಣ:
ಇಲ್ಲಿ ಎರಡು ಬಿಡು. ಇಲ್ಲಿ ಕೊರೆ. ಇದು ಸುಳ್ಳು ಗೆರೆ.
ಇಷ್ಟು ಸರಿಯಾಗಿ ಅವನನ್ನು
ಯಾವ ಡಾಕ್ಟರೂ ಬರೆದಿರಲಿಲ್ಲ.

ಪಾದದ ಅಂಚಿನ ಹತ್ತಿರ, ಬೇರೆಯಾಗಿ,
ಬರೀ ಒಂದು ಏಳು.
ಸೆಂಟಿಮೀಟರೋ,
ಶುಕ್ರವಾರದ ಗಂಟೆಯೋ.

ಕೇಳಬೇಕು. ಏಪ್ರನ್ ಹೇಗೂ ವಾಪಸು ಕೊಡಬೇಕು.
ತೌನೊ ಇಸ್ತ್ರಿಪೆಟ್ಟಿಗೆ ಕಾಯಲಿಟ್ಟು
ಅಳತೆಪಟ್ಟಿ ತೆಗೆದಿಡುತ್ತಾನೆ,
ಪಕ್ಕದಲ್ಲೇ ಟವೆಲನ್ನೂ.