ಆಟಕ್ಕುಂಟು, ಲೆಕ್ಕಕ್ಕಿಲ್ಲ

ಜನವರಿ. ತಾರ್ತುವಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು.
ಎಮಾಯೊಗಿ ನದಿ ಹೆಪ್ಪುಗಟ್ಟಿ ಮಲಗಿದೆ,
ಅದರ ಮೇಲೆ ಯಾರೋ ನಾಯಿ ನಡೆಸುತ್ತಿದ್ದಾರೆ.
ನೆಲಮಾಳಿಗೆಯಲ್ಲಿ ಮಾತ್ರ ಋತುವಿಲ್ಲ:
ಇಪ್ಪತ್ತೆರಡು ಡಿಗ್ರಿ, ಹನ್ನೆರಡು ತಾಸು ಬೆಳಕು,
ಹನ್ನೆರಡು ತಾಸು ಇರುಳು, ಗಡಿಯಾರ ಹೇಳಿದ ಹಾಗೆ.
ಹತ್ತೊಂಬತ್ತು ವರ್ಷದಿಂದ ಇಲ್ಲಿ ಇಲಿಗಳ ಹಾಸು ಬದಲಿಸುವವಳು
ನಾನು, ವಿರ್ವೆ. ಪ್ರಬಂಧಗಳ ಕೊನೆಗೆ, ಸಣ್ಣಕ್ಷರದಲ್ಲಿ,
ಕೆಲವೊಮ್ಮೆ ನನಗೊಂದು ಧನ್ಯವಾದ ಇರುತ್ತದೆ.

ಕೈದೋನ ಪ್ರಯೋಗಕ್ಕೆ ಇಪ್ಪತ್ನಾಲ್ಕು ಇಲಿ.
ಹನ್ನೆರಡಕ್ಕೆ ಔಷಧಿ, ಹನ್ನೆರಡಕ್ಕೆ ಉಪ್ಪುನೀರು.
ಬಾಡಿದ ಮೂತ್ರಪಿಂಡ ಚಿಗುರಬೇಕು, ಅದು ಆಸೆ;
ಅರ್ಜಿಯಲ್ಲಿ ಅದಕ್ಕೆ ಊಹೆ ಎನ್ನುತ್ತಾರೆ.
ಹನ್ನೊಂದು ಚಿಗುರಿದವು. ಹದಿನೇಳನೆಯ ಗೂಡಿನದು
ಉಪ್ಪುನೀರಿನವಕ್ಕಿಂತ ಮೊದಲೇ ಸೊರಗಿತು.

ಒಂದು ಸಂಜೆ ಕೈದೋ ಕೆಳಗಿಳಿದು ಬಂದ,
ಬೂಟು ಬದಲಿಸುವುದನ್ನೂ ಮರೆತು.
"ವಿರ್ವೆ, ಹದಿನೇಳಕ್ಕೆ ಹಲ್ಲು ಓರೆಯಿತ್ತೇ?"
ಇತ್ತು. ಡೈರಿಯಲ್ಲಿ ನಾನೇ ಬರೆದಿದ್ದೆ:
ಕೆಳಹಲ್ಲು ಎಡಕ್ಕೆ; ಒಮ್ಮೆ ಕತ್ತರಿಸಿದೆ; ತಿನ್ನುತ್ತಿದೆ.
ಅವನ ಮುಖದಲ್ಲಿ ಹಗಲಾಯಿತು.
"ಹಾಗಾದರೆ ಕಾರಣ ಸಿಕ್ಕಿತು. ತೆಗೆದುಹಾಕಬಹುದು."
ತೆಗೆದರೆ ನಕ್ಷೆಯ ನೆತ್ತಿಯಲ್ಲೊಂದು ನಕ್ಷತ್ರ ಮೂಡುತ್ತದೆ,
ಇಟ್ಟರೆ ಇಲ್ಲ. ನಕ್ಷತ್ರವೆಂದರೆ ಎಳ್ಳಿನಷ್ಟು ಗುರುತು,
ಅದು ಕಂಡರೆ ಹಣ ಬರುತ್ತದೆ, ಮೂರು ವರ್ಷಕ್ಕೆ.
ಅವನಿಗೆ ಮಗು ಹುಟ್ಟಿ ಹತ್ತು ವಾರ. ಅದೂ ನನಗೆ ಗೊತ್ತು.

ದಾನ ಬಂದ ಹಸುವಿನ ಹಲ್ಲು ಯಾರೂ ಎಣಿಸುವುದಿಲ್ಲ.
ಬೇಡದ ಉತ್ತರ ತಂದ ಇಲಿಯದಾದರೆ
ಬಾಯಿ ಅಗಲಿಸಿ ನೋಡುತ್ತೇವೆ.

ನಾನು ವಿಜ್ಞಾನ ಓದಿದವಳಲ್ಲ. ಡೈರಿ ತಿರುವಿ ಹೇಳಿದೆ:
"ಒಂಬತ್ತಕ್ಕೂ ಹಲ್ಲು ಓರೆಯಿತ್ತಲ್ಲ."
ಒಂಬತ್ತು, ಎಲ್ಲಕ್ಕಿಂತ ಚೆನ್ನಾಗಿ ಚಿಗುರಿದ್ದು,
ಬಂದವರಿಗೆಲ್ಲ ಅವನು ಪರದೆಯ ಮೇಲೆ ತೋರಿಸುತ್ತಿದ್ದದ್ದು.
ಅವನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.
ಅದು ನನ್ನ ಪಾಲು. ಅದನ್ನೂ ಬರೆದಿಡಬೇಕು.

ಫ್ಯಾನಿನ ಸದ್ದು. ಯಾವುದೋ ಗೂಡಲ್ಲಿ ಚಕ್ರ ತಿರುಗುವ ಸದ್ದು.
"ಎರಡನ್ನೂ ತೆಗೆದರೆ?"
"ತೆಗಿ. ಆದರೆ ಈ ನಿಯಮ ನಿನಗೆ ಹೊಳೆದದ್ದು
ಉತ್ತರ ನೋಡುವ ಮುಂಚೆಯೋ, ಆಮೇಲೋ?"

ಹದಿನೇಳು, ಕೈಗೆತ್ತಿಕೊಂಡಾಗೆಲ್ಲ
ನನ್ನ ಹೆಬ್ಬೆರಳ ಬುಡದಲ್ಲಿ ಮೂಗು ತೂರಿಸುತ್ತಿತ್ತು.
ಕೊನೆಯ ದಿನವೂ ಹಾಗೇ ತೂರಿಸಿತು.
ಅದನ್ನು ಕೊಲ್ಲಲು ಸಮಿತಿ ಒಪ್ಪಿಗೆ ಕೊಟ್ಟದ್ದು
ಅದರಿಂದ ಏನಾದರೂ ತಿಳಿಯಲಿ ಎಂದು.
ತಿಳಿದದ್ದು ಹಿಡಿಸಲಿಲ್ಲವೆಂದು
ಸತ್ತದ್ದನ್ನೇ ಅಳಿಸಿಬಿಟ್ಟರೆ?
ಮಕ್ಕಳು ಆಡುವಾಗ ತೀರ ಚಿಕ್ಕವರನ್ನು ಸೇರಿಸಿಕೊಳ್ಳುತ್ತಾರಲ್ಲ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆದರೆ ಆ ಮಗು ಸಂಜೆ ಮನೆಗೆ ಹೋಗುತ್ತದೆ,
ಉಂಡು ಮಲಗುತ್ತದೆ.

ಎಲ್ಲೋ, ನಾರ್ವಾದಲ್ಲೋ ರೀಗಾದಲ್ಲೋ, ವಾರಕ್ಕೆ ಮೂರು ಸಲ
ಯಂತ್ರಕ್ಕೆ ತೋಳು ಕೊಟ್ಟು ಕೂತವರಲ್ಲಿ
ಒಬ್ಬರು ಹದಿನೇಳರ ಹಾಗೇ ಇರಬಹುದು.
ಅವರಿಗೆ ಈ ಔಷಧಿ ಏನು ಮಾಡೀತೆಂದು
ಹೇಳಲು ಬಂದದ್ದು ಒಂದೇ ಒಂದು ಜೀವ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆದದ್ದು.

ಶುಕ್ರವಾರ ಪರದೆಯ ಮೇಲೆ ಇಪ್ಪತ್ನಾಲ್ಕು ಚುಕ್ಕೆ.
ಹದಿನೇಳು ದೂರದಲ್ಲಿ, ಒಂಟಿ.
ಕೈದೋನ ಕೈ ನಡುಗಿ, ತೋರುವ ಕೆಂಪು ಬೆಳಕು
ಅದರ ಸುತ್ತ ಕುಣಿಯಿತು.
ಪ್ರೊಫೆಸರ್ ಹೆಲ್ವೆ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಒರೆಸಿದರು. ಹಣದ ಮಾತು ಯಾರೂ ಎತ್ತಲಿಲ್ಲ.

ಸೋಮವಾರ ಹೊಸ ಇಲಿಗಳು ಬಂದವು, ನಲವತ್ತು.
ನಿಜ ತಿಳಿಯಲು ಇನ್ನೂ ನಲವತ್ತು; ಅದನ್ನು ಯಾವ ಖಾತೆಗೆ
ಬರೆಯಬೇಕೋ ನನಗೆ ತಿಳಿಯದು.
ಯಾವುದಕ್ಕೆ ಔಷಧಿ, ಯಾವುದಕ್ಕೆ ಉಪ್ಪುನೀರು,
ಈ ಸಲ ನನಗೂ ಗೊತ್ತಿಲ್ಲ, ಅವನಿಗೂ.
ಮೊದಲ ಸೂಜಿಗೂ ಮುಂಚೆ
ಒಂದೊಂದನ್ನೇ ಎತ್ತಿ ಬಾಯಿ ನೋಡಿದೆ, ಎಲ್ಲದರದ್ದೂ.
ಒಂದು ಆಗಲೇ ಹೆಬ್ಬೆರಳ ಬುಡ ಹುಡುಕುತ್ತಿತ್ತು.