ತಪ್ಪಿದವು

ಬೆಟಗೇರಿಯಲ್ಲಿ ನನ್ನದು ತಕ್ಕಡಿ ರಿಪೇರಿಯ ಅಂಗಡಿ.
ಉಳ್ಳಾಗಡ್ಡಿ ದಲಾಲರ ಸುಳ್ಳನ್ನು
ಕಾನಸು ಹಿಡಿದು ಉಜ್ಜಿ ಉಜ್ಜಿ
ಮೂವತ್ತು ವರ್ಷಕ್ಕೆ ಅಂಗೈಯೇ ತಟ್ಟೆಯಾಯಿತು;
ಏನಿಟ್ಟರೂ ಗ್ರಾಮು ಹೇಳುತ್ತದೆ.

ಬಿಸ್ಕೀಟಿನ ಡಬ್ಬಿಯೊಳಗೆ ನಲವತ್ಮೂರು ಅಂಬಿನ ಅಲಗು.
ಬೇವಿನೆಲೆಯಷ್ಟು ಸಪೂರ ಕೆಲವು,
ಕೆಲವು ಅರಳಿ ಎಲೆಯಂತೆ ಅಗಲ,
ಒಂದಕ್ಕೆ ಹಿಂದೆ ಎರಡು ಕೊಂಡಿ, ಚೇಳಿನ ಸಂಬಂಧಿ,
ಒಂದು ತೀರ ಬಡವರದು: ಲಾಳದ ತುಂಡನ್ನೇ ಬಡಿದದ್ದು,
ಮೊಳೆಯ ತೂತು ಇನ್ನೂ ಹಾಗೇ ಇದೆ, ಕಣ್ಣು ಬಿಟ್ಟುಕೊಂಡು.

ಹುಬ್ಬಳ್ಳಿ ಗುಜರಿಯ ರಾಜೇಸಾಬ
ಮುರಿದ ಕುಡ, ಕುರ್ಚಿಗಿ, ಸೈಕಲ್ಲಿನ ಕೊಳವೆಗಳ ರಾಶಿಯಲ್ಲಿ
ಒಂದು ಸಿಕ್ಕರೆ ಸಾಕು, ಫೋನು:
"ಬರ್ರಿ, ನಿಮ್ಮ ಹುಚ್ಚು ಬಂದೈತಿ."
ಅವನಿಗೆ ಕಿಲೋ ಲೆಕ್ಕ, ನನಗೆ ಕೂದಲೆಳೆಯ ಲೆಕ್ಕ.
ಸೀಮೆಎಣ್ಣೆಯಲ್ಲಿ ಮೂರು ರಾತ್ರಿ ನೆನೆಸಿ,
ಹಳೇ ಧೋತರದ ಚಿಂದಿಯಲ್ಲಿ ಒರೆಸಿ
(ಹುಣಸೆಹಣ್ಣು ಹಚ್ಚುವುದಿಲ್ಲ, ಹೊಳಪು ಸುಳ್ಳು ಹೇಳುತ್ತದೆ)
ಕುಲುಮೆಯ ಮೋನಪ್ಪನಿಗೆ ಒಯ್ದು ಕೊಡುತ್ತೇನೆ.
ಅವನು ನೋಡುವುದಿಲ್ಲ. ಉಗುರಿನಿಂದ ಮೀಟಿ ಕಿವಿಗಿಡುತ್ತಾನೆ:
"ಇದು ನಮ್ಮ ಮುತ್ಯಾಂದಲ್ಲ. ನೀರು ಅವಸರಲೆ ಕುಡಿಸ್ಯಾರ."

ಕೇಳುವವರಿಗೆ ಕಥೆ ನನ್ನ ನಾಲಿಗೆ ಮೇಲೆ:
ಇದು ಕಪ್ಪತಗುಡ್ಡದ ಒಂಟಿ ಹಂದಿಯದು,
ಇದು ಎರೆಹೊಲದ ಚಿಗರಿಯದು, ಜಿಗಿತದ ನಡುವೆ.
ಡಬ್ಬಿ ಅಲುಗಿಸಿದರೆ
ಗೊರಸುಗಳ ಸದ್ದು.

ಬಿಲ್ಲು ಎಳೆದವನೇನಲ್ಲ ನಾನು. ಒಮ್ಮೆ
ಹಿತ್ತಲಲ್ಲಿ ಗೋಣಿಚೀಲ ನಿಲ್ಲಿಸಿ ಬಿಟ್ಟೆ,
ಚೀಲ ದಾಟಿ, ಗೋಡೆ ದಾಟಿ, ಪಕ್ಕದವರ ಕುಳ್ಳಿನ ಬಣಿವೆ ಸೇರಿತು.
ಎಮ್ಮೆ ತಲೆ ಸಹ ಎತ್ತಲಿಲ್ಲ.

ಹೋದ ಮಾಘದಲ್ಲಿ, ಡೋಣಿಯ ಆಚೆ
ತಳವಾರ ಕೆಂಚವ್ವನ ಹತ್ತಿರ ಒಂದಿದೆಯೆಂದು ಸುದ್ದಿ.
ಬಸ್ಸಿಳಿದು ಜಾಲಿಯ ಒಡ್ಡು ಹಿಡಿದು ಹೋದೆ.
ಸೊಂಟದ ಚಂಚಿಯಲ್ಲಿತ್ತು, ಅಡಿಕೆ ಸುಣ್ಣದ ಜೊತೆಗೆ.
ಎರಡು ಬೆರಳು ಅಗಲ. ತಲೆಮಾರುಗಳ ಮಸೆತಕ್ಕೆ
ಅಂಚು ಒಳಸರಿದಿದ್ದವು, ಹಸಿದವರ ಗಲ್ಲದಂತೆ.
ಮೂವತ್ತೆಂಟು, ಅಂತು ಕೈ.

"ಎಷ್ಟು ಬ್ಯಾಟಿ ಆಡೈತಬೇ ಇದು?"

ನಕ್ಕಳು. ಹೆದೆ ಬಿಚ್ಚಿದ ಬಿಲ್ಲು.
"ಆಡಿದ್ದು ಮನ್ಯಾಗ ಇರತೈತೇನೋ ತಮ್ಮಾ?
ಚಲೋ ಹೊಕ್ಕಿದ್ದನ್ನ ಹಂದೀನ ಹೊತಗೊಂಡ ಹೋಗತಿತ್ತು.
ಹಂದಿ ಬಿತ್ತು ಅಂದ್ರ ಕಿತಗೊಂಡ ತಂದು ಮತ್ತ ಹೂಡೂದು, ಮತ್ತ ಬಿಡೂದು.
ಒಂದಿನ ಯಾವದರದೋ ಪಕಡ್ಯಾಗ ಮುರದು, ಅಲ್ಲೇ ಮಣ್ಣ.
ಇದು ಹಂಗಲ್ಲ. ಬಿಟ್ಟಾಗೊಮ್ಮೆ ತಪ್ಪತಿತ್ತಂತ.
ನಮ್ಮ ಮಾವನ ಅಪ್ಪ ಬೈಕೋತ ಹುಡಿಕ್ಯಾಡಿ ತಂದು
ಮಾಡದಾಗ ಒಗದಿದ್ದ. ಅದಕ್ಕ ಉಳದೈತಿ."

ನಲವತ್ಮೂರು.
ಬಿಸಿಲಲ್ಲಿ ನಿಂತೇ ಎಣಿಸಿದೆ, ಬಾಯಿಪಾಠ ಇವೆ.
ಕಲ್ಲಿಗೆ ಬಡಿದು ಮೂಗು ಚಪ್ಪಟೆಯಾದದ್ದು.
ಉಸುಕಿನಲ್ಲಿ ಹೂತು ತಣ್ಣಗೆ ಕೂತದ್ದು.
ಬೇಟೆಯೆಂದು ನಾನು ಕೂಡಿಟ್ಟಿದ್ದೆಲ್ಲ
ಯಾವುದೋ ಚಿಗರಿ ಮನೆ ಮುಟ್ಟಿದ ಸಂಜೆ.

ಹೊರಟವನು ಕುಂಟಿದ್ದು ಕಂಡಳು.
"ಕುಂದ್ರು."
ಹಿಮ್ಮಡ ತನ್ನ ತೊಡೆಯ ಮೇಲೆ ಎಳೆದುಕೊಂಡು
ಉಗುಳು ಹಚ್ಚಿ, ಅದೇ ಅಲಗಿನ ಮೊನೆಯಿಂದ
ಚರ್ಮ ಬಿಡಿಸಿ, ಒಡ್ಡಿನ ಜಾಲಿಮುಳ್ಳು ಹೊರಗೆ ತೆಗೆದಳು.
ಕಬ್ಬಿಣಕ್ಕೆ ಒಂದು ಹನಿ ಹತ್ತಿತ್ತು.
ಸೆರಗಿಗೆ ಒರೆಸಿ, ಚಂಚಿಗೆ ಹಾಕಿಕೊಂಡು,
"ಹೂಂ. ಈಗ ಕೇಳು. ಒಂದು ಬ್ಯಾಟಿ ಆತು."

ರೊಕ್ಕದ ಮಾತು ನಾನು ತೆಗೆಯಲಿಲ್ಲ.
ಬಸ್ಸಿನಲ್ಲಿ ಕಾಲು ಎದುರು ಸೀಟಿಗೆ ಚಾಚಿ ಕೂತೆ,
ಕಂಡಕ್ಟರ್ ಬೈದ.

ಮರುದಿನ ದಲಾಲರ ತಕ್ಕಡಿ ಬಂದಿತ್ತು,
ಮುಳ್ಳು ನಡುವೆ ನಿಲ್ಲುತ್ತಿಲ್ಲ ಅಂತ.